ಬಾಗಿನ ಮುಳುಗುವ ಕೋನ

ನಾನು ಸಂಶೋಧನೆ ಮಾಡುವುದು ಗಟ್ಟಿ ವಸ್ತುಗಳು ನೀರಿಗೆ ಬೀಳುವುದರ ಬಗ್ಗೆ. ಇಷ್ಟು ಹೇಳಿ ಬಾಯಿ ಮುಚ್ಚುವುದರೊಳಗೆ ಚಳ್ಳಕೆರೆಯಲ್ಲಿ ಯಾರಾದರೊಬ್ಬರು, "ಬೀಳಾಕೆ ನಮ್ಮ ಕಡೆ ನೀರೆಲ್ಲೈತೆ ಮೇಡಂ?" ಎಂದು ಕೇಳಿ, ಜಗತ್ತಿನಲ್ಲಿ ಈ ಜೋಕು ಹೊಳೆದ ಮೊದಲ ಮನುಷ್ಯ ತಾವೇ ಎಂಬ ಖುಷಿಯಲ್ಲಿ ನಗುತ್ತಾರೆ. ಖಾಸಗಿ ಬಸ್ಸಿನ ಕಂಡಕ್ಟರು ಹೇಳಿದ್ದಾನೆ, ಬ್ಯಾಂಕಿನ ಮ್ಯಾನೇಜರು ಹೇಳಿದ್ದಾರೆ, ನನ್ನನ್ನು ನೋಡಲು ಬಂದಿದ್ದ ಗಂಡೂ ಹೇಳಿದ್ದ. ಗಂಡು ಹೇಳಿದಾಗ ಮಾತ್ರ ನಾನು ನಗಲಿಲ್ಲ. ಸಂಬಂಧ ಅಲ್ಲಿಗೇ ನಿಂತಿತು.

ವಿಷಯ ಕೇಳುವುದಕ್ಕೆ ಸಣ್ಣದು. ಒಂದು ಗುಂಡೋ ಹಲಗೆಯೋ ನೀರಿಗೆ ಬಿದ್ದರೆ ಏನಾಗುತ್ತದೆ? ಬುಡುಂಗ್ ಎನ್ನುತ್ತದೆ ಎಂದು ಅಂಗನವಾಡಿ ಮಗುವೂ ಹೇಳುತ್ತದೆ. ನಮ್ಮ ಹೊಟ್ಟೆಪಾಡೆಲ್ಲ ಆ ಬುಡುಂಗ್ ಒಳಗೇ ಇದೆ. ಗುಂಡು ತಾಗಿದ ಕೂಡಲೇ ಸುತ್ತಲಿನ ನೀರು ಎದ್ದು ನಿಲ್ಲುತ್ತದೆ. ಗುಂಡಿನ ಬೆನ್ನ ಹಿಂದೆಯೇ ಗಾಳಿ ಒಳಗೆ ನುಗ್ಗಿ ಒಂದು ಪೊಳ್ಳು ಮಾಡುತ್ತದೆ. ಪೊಳ್ಳಿನ ಬಾಯಿ ಮುಚ್ಚಿಕೊಂಡಾಗ ನಡುವಿನಿಂದ ನೀರಿನ ಕಡ್ಡಿಯೊಂದು ಮೇಲಕ್ಕೆ ಚಿಮ್ಮುತ್ತದೆ. ಇದನ್ನು ಕಂಪ್ಯೂಟರಿನಲ್ಲಿ ಮಾಡಿ ನೋಡಬೇಕಾದರೆ ನೀರನ್ನೂ ಗಾಳಿಯನ್ನೂ ಲಕ್ಷಗಟ್ಟಲೆ ಸಣ್ಣ ಚೌಕಗಳಾಗಿ ಕತ್ತರಿಸಿ, ಒಂದೊಂದು ಚೌಕದಲ್ಲೂ ಒತ್ತಡವೆಷ್ಟು, ವೇಗವೆಷ್ಟು ಎಂದು ಲೆಕ್ಕ ಹಾಕಿಸಬೇಕು. ಕೆರೆಯಲ್ಲಿ "ಅಯ್ಯೋ" ಎನ್ನುವುದರೊಳಗೆ ಮುಗಿದುಹೋಗುವ ಕೆಲಸಕ್ಕೆ ನನ್ನ ಕಂಪ್ಯೂಟರು ಒಂದು ವಾರ ತೆಗೆದುಕೊಳ್ಳುತ್ತಿತ್ತು. ನಡುವೆ ಕರೆಂಟು ಹೋದರೆ ಗುಂಡು ಗಾಳಿಯಲ್ಲೇ ನಿಂತುಬಿಡುತ್ತಿತ್ತು. ಮತ್ತೆ ಮೊದಲಿನಿಂದ ಬೀಳಿಸಬೇಕು.

ನಾನು ಪಾಠ ಮಾಡುತ್ತಿದ್ದ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಗೆ ಕುರ್ಚಿ ಸಿಗುವುದೇ ಹೆಚ್ಚು, ಕರೆಂಟು ಎಲ್ಲಿಂದ ಬರಬೇಕು? ಅಪ್ಪ ಶೇಂಗಾ ಹಾಕುತ್ತಿದ್ದ ಎಣ್ಣೆ ಮಿಲ್ಲಿನ ಸಾಹುಕಾರರು ದೊಡ್ಡ ಮನಸ್ಸು ಮಾಡಿ, ಜನರೇಟರ್ ಇದ್ದ ತಮ್ಮ ಆಫೀಸಿನ ಮೂಲೆಯಲ್ಲಿ ನನ್ನ ಕಂಪ್ಯೂಟರಿಗೆ ಜಾಗ ಕೊಟ್ಟರು. ಹೀಗೆ ನನ್ನ ಪಿಎಚ್‌ಡಿ ಹಿಂಡಿಯ ವಾಸನೆಯಲ್ಲಿ ಬೆಳೆಯಿತು. ಸಾಹುಕಾರರು ಬೆಳಿಗ್ಗೆ ಊದುಬತ್ತಿ ಹಚ್ಚಿ ಲಕ್ಷ್ಮಿ ಪಟಕ್ಕೆ ತೋರಿಸಿ, ಹಾಗೇ ನನ್ನ ಮಾನಿಟರಿಗೂ ಒಂದು ಸುತ್ತು ತೋರಿಸುತ್ತಿದ್ದರು. "ಇನ್ನಾ ಬೀಳ್ತಾನೇ ಐತೇನಮ್ಮಾ?" ಎಂದು ಕನಿಕರದಿಂದ ಕೇಳುತ್ತಿದ್ದರು. "ನಮ್ಮ ಹಮಾಲಿಗಳು ಮೂಟೆ ಎತ್ತಾಕಿದ್ರೆ ಒಂದೇ ಸಲಕ್ಕೆ ಬೀಳ್ತೈತೆ ನೋಡು."

ಇಷ್ಟೆಲ್ಲಾ ವಿಷಯಗಳಿರುವಾಗ ಇದನ್ನೇ ಏಕೆ ಆರಿಸಿಕೊಂಡೆ ಎಂದು ಸಂದರ್ಶನಗಳಲ್ಲಿ ಕೇಳುತ್ತಾರೆ. ಹಡಗು, ಸೇತುವೆ, ದೇಶದ ಭದ್ರತೆ ಎಂದೆಲ್ಲಾ ಒದರುತ್ತೇನೆ. ನಿಜ ಏನೆಂದರೆ, ನಾನು ಕಂಡ ಮೊದಲ ನೀರಿಗೆ ಬಿದ್ದ ವಸ್ತು ನಾನೇ.

ನಮ್ಮ ಊರು ನನ್ನಿವಾಳದ ಆಚೆ. ನಾನು ಇನ್ನೂ ಸ್ಕೂಲಿಗೆ ಸೇರಿರಲಿಲ್ಲ. ಆ ವರ್ಷ ಊರ ಕೆರೆ ತುಂಬಿ ಕೋಡಿ ಬಿದ್ದಿತ್ತು. ಮೊಳಕಾಲ್ಮೂರಿಗೆ ಕೊಟ್ಟಿದ್ದ ನನ್ನ ಸೋದರತ್ತೆ ತವರಿಗೆ ಬಂದವಳು ಬಟ್ಟೆ ಒಗೆಯಲು ಹೋಗುವಾಗ ನನ್ನನ್ನೂ ಕರೆದುಕೊಂಡು ಹೋದಳು. ನೀರಿನ ಮೇಲೆ ಹಸಿರು ಪಾಚಿ ಹಾಸಿಕೊಂಡಿತ್ತು. ಬಯಲುಸೀಮೆಯ ಮಗು, ನೀರು ಎಂದರೆ ಕೊಡದಲ್ಲಿ ಇರುವಂಥದ್ದು ಎಂದು ತಿಳಿದಿದ್ದೆ. ಹಸಿರು ಕಂಡದ್ದೇ ಹುಲ್ಲು ಎಂದುಕೊಂಡು ಓಡಿ ಕಾಲಿಟ್ಟೆ. ಆಮೇಲಿನದು ನನಗೆ ನೆನಪಿಲ್ಲ. ಅತ್ತೆಗೆ ಈಜು ಬಾರದು. ಆದರೂ ಹಾರಿದಳಂತೆ. ಎದೆಮಟ್ಟದ ನೀರಿನಲ್ಲಿ ಕೈಯಾಡಿಸುತ್ತಾ, "ಗಂಗವ್ವಾ, ಕೂಸು ಕೊಡೇ! ಕೆರೆ ಮತ್ತೆ ಕೋಡಿ ಬಿದ್ದಾಗ ನನ್ನ ಕೈಯಾರೆ ನೇಯ್ದ ರೇಷ್ಮೆ ಸೀರೆ ನಿಂಗೆ ಉಡಿಸ್ತೀನಿ" ಎಂದು ಕೂಗಿ ಹರಕೆ ಹೊತ್ತಳಂತೆ. ಅಷ್ಟರಲ್ಲಿ ನಾನು ಕೈಗೆ ಸಿಕ್ಕೆ.

ಗಂಗವ್ವ ಮಾತಿಗೆ ತಪ್ಪಲಿಲ್ಲ, ಕೂಸು ಕೊಟ್ಟಳು. ಆದರೆ ಕೆರೆ ಮತ್ತೆ ಕೋಡಿ ಬೀಳಲೇ ಇಲ್ಲ. ನಾನು ದೊಡ್ಡವಳಾದೆ, ಓದಿದೆ, ತಲೆಯಲ್ಲಿ ಬಿಳಿಕೂದಲು ಕಾಣಿಸಿತು, ಕೆರೆಯಲ್ಲಿ ಜಾಲಿ ಬೆಳೆಯಿತು. ಹರಕೆ ಹಾಗೇ ಉಳಿಯಿತು. ಅತ್ತೆಯ ಪ್ರಕಾರ ನನ್ನ ಬದುಕಿನಲ್ಲಿ ಕೆಟ್ಟದ್ದೆಲ್ಲಾ ಆಗುವುದು ಆ ಸೀರೆಯಿಂದಲೇ. ಟೈಫಾಯಿಡ್ ಬಂದಿತು, ಸೀರೆ. ಗಂಡು ಒಪ್ಪಲಿಲ್ಲ, ಸೀರೆ. ಗಂಡನ್ನು ನಾನು ಒಪ್ಪಲಿಲ್ಲ, ಅದಕ್ಕೂ ಸೀರೆ. ಹೊರದೇಶದ ಪತ್ರಿಕೆಯೊಂದು ನನ್ನ ಪ್ರಬಂಧವನ್ನು ವಾಪಸು ಕಳಿಸಿದಾಗಲೂ, "ನಾನು ಹೇಳ್ಲಿಲ್ಲೇನು ಅಮ್ಮಾಯಿ" ಎಂದು ಫೋನಿನಲ್ಲಿ ಅತ್ತಳು. ಆ ಪತ್ರಿಕೆಯವರಿಗೆ ನಮ್ಮ ಗಂಗವ್ವನ ಪರಿಚಯವಿಲ್ಲ ಎಂದರೂ ಕೇಳಲಿಲ್ಲ. ಅವಳಿಗೆ ನಿಜವಾದ ಹೆದರಿಕೆ ಬೇರೆಯೇ ಇತ್ತು. ಅದನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ನಾನು ಚಿತ್ರದುರ್ಗಕ್ಕೆ ಹೋದರೂ "ದಾರ್ಯಾಗೆ ಹಳ್ಳ ಬರ್ತೈತಾ?" ಎಂದು ಕೇಳುವವಳು ಅವಳು. ಕೊಟ್ಟ ಕೂಸನ್ನು ಗಂಗವ್ವ ಎಲ್ಲಿ ವಾಪಸು ಕೇಳಿಬಿಡುತ್ತಾಳೋ ಎಂದು ಜೀವ ಕೈಯಲ್ಲಿ ಹಿಡಿದುಕೊಂಡೇ ಇದ್ದಳು.

ಹಾಗಿರುವಾಗ ಒಂದು ವರ್ಷ ಮಳೆಗೆ ಹುಚ್ಚು ಹಿಡಿಯಿತು. ಕೆರೆ ತುಂಬಿ ಕೋಡಿ ಹರಿಯಿತು. ಚಳ್ಳಕೆರೆಯಿಂದ ಆಟೋಗಳಲ್ಲಿ ಜನ ಬಂದು ನೀರಿನ ಮುಂದೆ ನಿಂತು ಫೋಟೋ ತೆಗೆದುಕೊಂಡರು. ಮೆಣಸಿನಕಾಯಿ ಬಜ್ಜಿಯವರು ಏರಿಯ ಮೇಲೆ ಬಂಡಿ ಹೂಡಿದರು. ನೀರೆಲ್ಲೈತೆ ಎಂದು ಕೇಳುತ್ತಿದ್ದವರು ಈಗ, "ಮೇಡಂ, ನಿಮ್ಮ ಬಿಸ್ನೆಸ್ ಜೋರು ಬಿಡ್ರಿ" ಎನ್ನತೊಡಗಿದರು. ಅತ್ತೆ ಯಾರಿಗೂ ಏನೂ ಹೇಳದೆ ಮಗ್ಗಕ್ಕೆ ಹೊಸ ಹಾಸು ಹಾಕಿ ಕುಳಿತಳು.

ಮಿಲ್ಲಿಗೆ ಒಂದು ದಿನ ಬಿಳಿ ಕಾರೊಂದು ಬಂದಿತು. ಇಳಿದವರು ನಮ್ಮ ಭಾಗದ ದೊಡ್ಡ ಮನುಷ್ಯರೊಬ್ಬರ ಆಪ್ತ ಸಹಾಯಕರು. ದೊಡ್ಡವರ ಹುದ್ದೆ ಬೇಡ, ಎಲ್ಲರೂ ಅವರನ್ನು ಸಾಹೇಬರು ಎನ್ನುತ್ತಿದ್ದರು. ಕೆರೆಗೆ ಸಾಹೇಬರು ಬಾಗಿನ ಕೊಡುವವರಿದ್ದರು. ಎರಡು ಬಿದಿರಿನ ಮೊರಗಳಲ್ಲಿ ಅಕ್ಕಿ, ಬೇಳೆ, ಬೆಲ್ಲ, ತೆಂಗಿನಕಾಯಿ, ಬಳೆ, ಅರಿಶಿನ-ಕುಂಕುಮ, ಸೀರೆ ಎಲ್ಲಾ ಇಟ್ಟು, ಒಂದರ ಮೇಲೊಂದು ಮುಚ್ಚಿ ದಾರ ಸುತ್ತಿ, ತುಂಬಿದ ಕೆರೆಗೆ ಬಿಡುವುದು. ಬಿಟ್ಟ ಬಾಗಿನ ಮುಳುಗಿದರೆ ಗಂಗೆ ಉಡಿ ತುಂಬಿಸಿಕೊಂಡಳು ಎಂದು ಅರ್ಥ. ದಡಕ್ಕೆ ವಾಪಸು ಬಂದರೆ ಒಲ್ಲೆ ಎಂದಳು ಎಂದು ಅರ್ಥ. ಸಾಹೇಬರಿಗಿಂತ ಮುಂಚೆ ಆ ಹುದ್ದೆಯಲ್ಲಿದ್ದವರು ಪಕ್ಕದ ಕೆರೆಗೆ ಬಿಟ್ಟ ಬಾಗಿನ ತೇಲಿಕೊಂಡು ಬಂದು ಅವರ ಬೂಟಿಗೇ ತಾಗಿ ನಿಂತಿತ್ತಂತೆ. ಮುಂದಿನ ಚುನಾವಣೆಯಲ್ಲಿ ಅವರು ಮಣ್ಣು ಮುಕ್ಕಿದರು. ಅವರು ಸೋಲುವುದಕ್ಕೆ ಊರಿಗೆಲ್ಲಾ ಗೊತ್ತಿದ್ದ ಬೇರೆ ಕಾರಣಗಳು ಒಂದು ಲಾರಿಯಷ್ಟಿದ್ದವು. ಆದರೂ ಎಲ್ಲರೂ ಬಾಗಿನದ ಮೇಲೇ ಹಾಕಿದರು, ಸೋತವರೂ ಸಹ.

"ನೀವು ನೀರಿಗೆ ಬೀಳೋದ್ರಾಗೆ ಎಕ್ಸ್‌ಪರ್ಟ್ ಅಂತೆ," ಎಂದರು ಸಹಾಯಕರು. "ನಮ್ಮ ಬಾಗಿನ ಮುಳುಗ್ಬೇಕು ಮೇಡಂ. ಎಷ್ಟ್ ಖರ್ಚಾದ್ರೂ ಆಗ್ಲಿ."

ನನಗೆ ನಗು ಬರಬೇಕಿತ್ತು, ಬರಲಿಲ್ಲ. ಬಾಗಿನ ಬಿಡಲು ಕೆರೆಯ ಆಳದ ಕಡೆ ತೂಬಿನ ಹತ್ತಿರ ಅಟ್ಟಣಿಗೆ ಕಟ್ಟುವವರಿದ್ದರು. ಅಲ್ಲಿಗೆ ಪಾಸು ಇದ್ದವರಿಗಷ್ಟೇ ಪ್ರವೇಶ. ಉಳಿದ ಹೆಂಗಸರು ಮೆಟ್ಟಿಲ ಕಡೆಯ ಮೊಣಕಾಲುದ್ದದ ನೀರಿಗೆ ತಮ್ಮ ಬಾಗಿನ ಬಿಟ್ಟುಕೊಳ್ಳಬೇಕು. ಅಲ್ಲಿ ಬಿಟ್ಟದ್ದು ಗಾಳಿಗೆ ದಡಕ್ಕೇ ಬರುತ್ತಿತ್ತು. ಅತ್ತೆಯ ಸೀರೆ ಅಲ್ಲಿಂದ ವಾಪಸು ಬಂದರೆ ಅವಳ ಗತಿ ಏನು?

"ನಂಗೆ ದುಡ್ಡು ಬೇಡ," ಎಂದೆ. "ಬಾಗಿನದಲ್ಲಿ ನಮ್ಮತ್ತೆ ನೇಯ್ದ ಸೀರೆ ಇಡಬೇಕು. ಅದು ಅವಳ ಹರಕೆ."

"ಮೊಳಕಾಲ್ಮೂರು ರೇಷ್ಮೆನಾ? ಅದೂ ಫ್ರೀ?" ಸಹಾಯಕರು ಎದ್ದು ನಿಂತೇ ಕೈಮುಗಿದರು.

ಪಿಎಚ್‌ಡಿ ಮಾರ್ಗದರ್ಶಕರಿಗೆ ಫೋನು ಮಾಡಿ ಬಾಗಿನದ ಮೇಲೆ ಲೆಕ್ಕ ಮಾಡುತ್ತಿದ್ದೇನೆ ಎಂದೆ. ಅವರು, "ಮಾಡು. ಬಾಗಿನ ಅಂತ ಮಾತ್ರ ಬರೀಬೇಡ. ಅಂಚು ಜೋಡಿಸಿದ ಎರಡು ಚಿಪ್ಪಿನ ಕಾಯ ಅಂತ ಬರಿ," ಎಂದರು. ವಿಜ್ಞಾನ ಎಂದರೆ ಬಹಳ ಮಟ್ಟಿಗೆ ಇದೇ.

ಚಿಪ್ಪಿನ ಕಾಯವನ್ನು ಕಂಪ್ಯೂಟರಿನಲ್ಲಿ ಬೀಳಿಸಿದೆ. ದೊಡ್ಡವರ ಬಾಗಿನಗಳು ಏಕೆ ಮುಳುಗುವುದಿಲ್ಲ ಎಂಬುದು ಮೊದಲ ವಾರದಲ್ಲೇ ಕಂಡಿತು. ದೊಡ್ಡವರು ಬಗ್ಗುವುದಿಲ್ಲ. ಬಾಗಿನವನ್ನು ತಟ್ಟೆಯಂತೆ ಮಟ್ಟಸವಾಗಿ ಹಿಡಿಯುತ್ತಾರೆ. ಅದನ್ನು ಅಕ್ಕಪಕ್ಕದ ಇಪ್ಪತ್ತು ಜನ ಹಿಡಿಯುತ್ತಾರೆ, ಏಕೆಂದರೆ ಫೋಟೋದಲ್ಲಿ ಕೈಯಾದರೂ ಬರಬೇಕು. ಎಲ್ಲರೂ ಒಟ್ಟಿಗೆ ಬಿಟ್ಟಾಗ ಅದು ಹೊಟ್ಟೆ ಕೆಳಗಾಗಿ ಚಟ್ಟೆಂದು ಬಡಿಯುತ್ತದೆ. ಮೊರದ ಕೆಳಗೆ ಗಾಳಿ ಸಿಕ್ಕಿಕೊಳ್ಳುತ್ತದೆ, ಮೇಲಿನ ಮೊರ ಬಾಯಿ ಬಿಡುತ್ತದೆ, ಅಕ್ಕಿಯೆಲ್ಲಾ ಸುರಿದುಹೋಗಿ ಹಗುರಾದ ಬಾಗಿನ ತೇಲುತ್ತದೆ. ಅದರ ಬದಲು ಅಕ್ಕಿ, ಬೇಳೆ, ಬೆಲ್ಲವನ್ನೆಲ್ಲಾ ಒಂದು ತುದಿಗೆ ಕಟ್ಟಿ, ಕಾಯಿಯನ್ನು ಇನ್ನೊಂದು ತುದಿಗಿಟ್ಟು, ಭಾರದ ತುದಿ ಕೆಳಗಾಗುವಂತೆ ಅರವತ್ತು ಡಿಗ್ರಿಯ ಆಸುಪಾಸಿನಲ್ಲಿ ಓರೆಯಾಗಿ ಬಿಟ್ಟರೆ ನೀರು ಅದನ್ನು ಸದ್ದಿಲ್ಲದೆ ಒಳಗೆ ತೆಗೆದುಕೊಳ್ಳುತ್ತದೆ. ಗಾಳಿ ಹಿಂದಿನಿಂದ ಗುಳುಗುಳು ಎಂದು ಹೊರಗೆ ಬರುತ್ತದೆ. ಚಿತ್ರ ನೋಡಿ ನಾನೇ ಎದ್ದು ಕುಣಿದೆ. ಸಾಹುಕಾರರು ಬೂಂದಿ ತರಿಸಿದರು.

ಸಹಾಯಕರು ಚಿತ್ರ ನೋಡಲು ಬಂದರು. ಒತ್ತಡ ತೋರಿಸುವ ಬಣ್ಣಗಳನ್ನು ದಿಟ್ಟಿಸಿ, "ಚೆನ್ನಾಗೈತೆ. ಆದ್ರೆ ಈ ಬಣ್ಣ ತೆಗೀರಿ, ಅದು ಎದುರಿನೋರ್ದು," ಎಂದರು. ತೆಗೆದೆ. ಆಮೇಲೆ ನಿಜವಾದ ತೊಡಕು ಬಂದಿತು. ಬಾಗಿನವನ್ನು ಒಬ್ಬರೇ ಬಿಡಬೇಕು ಎಂದೆ. ಅವರ ಮುಖ ಬಿಳಿಚಿತು.

"ಆಗಾಕಿಲ್ಲ ಮೇಡಂ. ಕಮಿಟಿಯೋರು, ಅಧ್ಯಕ್ಷರು, ಮಾಜಿ ಅಧ್ಯಕ್ಷರು... ಯಾರ ಕೈ ಬಿಡಿಸ್ಲಿ? ಕೈ ಬಿಡಿಸ್ಕೊಂಡೋರೆಲ್ಲಾ ನಾಳೆ ಆ ಕಡೆ ಹೋಗ್ತಾರೆ."

ನನ್ನ ಸಂಶೋಧನೆಯ ಬಹುದೊಡ್ಡ ಕೊಡುಗೆ ಆಗ ಹೊಳೆಯಿತು. ಕಮಿಟಿಯವರು ಸಾಹೇಬರ ಮೊಣಕೈ ಮುಟ್ಟಲಿ, ಅಧ್ಯಕ್ಷರು ಕಮಿಟಿಯವರ ಮೊಣಕೈ ಮುಟ್ಟಲಿ, ಮಾಜಿಗಳು ಅಧ್ಯಕ್ಷರ ಮೊಣಕೈ ಮುಟ್ಟಲಿ, ಹೀಗೇ ಸಾಲಾಗಿ ಎಂದೆ. ಪೂಜೆಯಲ್ಲಿ ಗಂಡನ ಕೈಯನ್ನು ಹೆಂಡತಿ ಮುಟ್ಟಿದರೆ ಪುಣ್ಯ ಸಿಗುವುದಿಲ್ಲವೇ? ಸಹಾಯಕರು ನನ್ನನ್ನು ದೇವತೆಯಂತೆ ನೋಡಿದರು.

ಮಿಲ್ಲಿನ ಹಿಂದಿನ ಸಿಮೆಂಟು ತೊಟ್ಟಿಯಲ್ಲಿ ಅಭ್ಯಾಸ ನಡೆಯಿತು. ಮೊರಗಳಲ್ಲಿ ಮರಳು ತುಂಬಿ ಸಹಾಯಕರು ಬಿಡುವುದು, ಹಮಾಲಿಗಳು ಮೂಟೆ ಇಳಿಸಿ ಬಂದು ಸಾಲಾಗಿ ನಿಂತು ಒಬ್ಬರ ಮೊಣಕೈ ಒಬ್ಬರು ಹಿಡಿಯುವುದು. "ಲೇ, ನಿನ್ ಮೊಣಕೈ ಜಾರ್ತೈತಲ್ಲೋ, ಎಣ್ಣೆ ಒರೆಸ್ಕಳ್ಳೋ!" ಎಂದು ಒಬ್ಬ ಇನ್ನೊಬ್ಬನನ್ನು ಬೈಯುತ್ತಿದ್ದ. ಅಲ್ಲಿ ಕಲಿತದ್ದನ್ನು ಸಹಾಯಕರು ಸಾಹೇಬರಿಗೆ ಕಲಿಸಿದರು. ಸಾಹೇಬರು ಮನೆಯ ಸಂಪಿನ ಮುಚ್ಚಳ ತೆಗೆಸಿ ದಿನಾ ಬೆಳಿಗ್ಗೆ ಒಂದು ಮೊರ ಬಿಡುತ್ತಾರಂತೆ ಎಂದು ಚಳ್ಳಕೆರೆಯೆಲ್ಲಾ ಮಾತಾಡಿಕೊಂಡಿತು. ಅವರ ಮನೆಯಲ್ಲಿ ಅಕ್ಕಿ ಕೇರಲು ಮೊರವೇ ಉಳಿದಿರಲಿಲ್ಲವಂತೆ.

ಸೀರೆ ತರಲು ನಾನು ಮೊಳಕಾಲ್ಮೂರಿಗೆ ಹೋದೆ. ಅತ್ತೆ ನೆಲದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಮಗ್ಗದ ಮುಂದೆ ಕುಳಿತಿದ್ದಳು. ಕೊನೆಯ ಗೇಣು ಬಾಕಿ ಇತ್ತು. ಕಡುನೀಲಿ ಒಡಲು, ಅಂಚಿನ ಉದ್ದಕ್ಕೂ ಜರಿಯಲ್ಲಿ ಸಣ್ಣ ಸಣ್ಣ ಮೀನು. ನಮ್ಮ ಕಡೆಯ ಸೀರೆಗಳಲ್ಲಿ ನವಿಲು, ಗಿಣಿ, ಹೂವು ಬರುತ್ತವೆ. ಮೀನನ್ನು ನಾನು ಯಾವ ಸೀರೆಯಲ್ಲೂ ನೋಡಿರಲಿಲ್ಲ.

"ಯಾರು ಉಡ್ತಾರತ್ತೆ ಮೀನಿನ ಸೀರೆ?" ಎಂದೆ.

"ಗಂಗವ್ವ ಉಡ್ತಾಳೆ. ಆಕೀಗೆ ನವಿಲು ಏನ್ ಗೊತ್ತು? ನೀರಾಗೆ ಇರಾದು ಮೀನೇ ಅಲ್ವಾ," ಎಂದು ಲಾಳಿ ಎಸೆದಳು. ಆಮೇಲೆ ತಲೆ ಎತ್ತದೆ, "ಮುಳುಗ್ತೈತಾ ಅಮ್ಮಾಯಿ? ನಿಜ ಹೇಳು," ಎಂದಳು.

"ಮುಳುಗ್ತೈತೆ. ನಾನು ಲೆಕ್ಕ ಮಾಡೀನಿ."

"ನಿನ್ನ ಲೆಕ್ಕದ ಮ್ಯಾಲೆ ನಂಗೆ ನಂಬಿಕೆ ಐತೆ. ಗಂಗವ್ವನ ಲೆಕ್ಕದ ಮ್ಯಾಲೇ ಹೆದ್ರಿಕೆ." ಮಡಚಿದ ಸೀರೆ ನನ್ನ ಕೈಗೆ ಕೊಡುವಾಗ ಅದನ್ನು ನನ್ನ ಮೈಗೆ ತಾಗಿಸಲೂ ಬಿಡಲಿಲ್ಲ, ಬಿಳಿ ಪಂಚೆಯಲ್ಲಿ ಸುತ್ತಿ ಕೊಟ್ಟಳು. ಗಂಗವ್ವನ ಹೆಸರಿನಲ್ಲಿ ನೇಯ್ದ ಸೀರೆ ಯಾರ ಮೈಮೇಲೆ ಬೀಳುತ್ತದೋ ಅವರು ಗಂಗವ್ವನ ಪಾಲು. ಇದನ್ನು ಅವಳು ಅಡುಗೆಗೆ ಉಪ್ಪು ಬೇಕು ಎನ್ನುವಷ್ಟು ಸಹಜವಾಗಿ ಹೇಳಿದಳು.

ಬಾಗಿನದ ದಿನ ಏರಿಯ ಮೇಲೆ ಶಾಮಿಯಾನ, ಕುರ್ಚಿ, ಮೈಕು. ಸಾಹೇಬರು ಮೂರು ಜನರ ಭಾಷಣ ಕೇಳಿ, ತಾವೂ ಒಂದು ಮಾಡಿ, ಮಳೆಯನ್ನು ಸುರಿಸಿದ್ದು ತಮ್ಮ ಸರ್ಕಾರವೇ ಎಂದು ಹೇಳದೆ ಹೇಳಿ, ಅಟ್ಟಣಿಗೆಯ ಅಂಚಿಗೆ ಬಂದರು. ಹಿಂದೆ ಮೊಣಕೈಗಳ ಸಾಲು ಏರಿಯ ತಿರುವಿನವರೆಗೂ ಇತ್ತು. ಕೊನೆಯಲ್ಲಿದ್ದವನು ಬಜ್ಜಿ ತಿನ್ನುತ್ತಾ ಒಂದು ಕೈಯಲ್ಲಿ ಮುಂದಿನವನ ಮೊಣಕೈ ಹಿಡಿದಿದ್ದ. ಸಾಹೇಬರು ಬಾಗಿನವನ್ನು ಎದೆಗೆ ಎತ್ತಿ, ಮುಂದಕ್ಕೆ ಬಗ್ಗಿದರು. ಅವರು ಬಗ್ಗಿದ್ದನ್ನು ಊರು ನೋಡಿದ್ದು ಅದೇ ಮೊದಲು. ಬಾಗಿನ ಓರೆಯಾಗಿ ಜಾರಿತು. ಚಟ್ ಎನ್ನಲಿಲ್ಲ. ನೀರು ಸಣ್ಣಗೆ ಬಾಯಿ ತೆರೆಯಿತು, ನುಂಗಿತು, ಗುಳುಗುಳು ಎಂದಿತು. ನನ್ನ ಮಾನಿಟರಿನಲ್ಲಿ ಒಂದು ವಾರ ಬಿದ್ದದ್ದು ಇಲ್ಲಿ ಕಣ್ಣು ಮಿಟುಕಿಸುವುದರಲ್ಲಿ, ಥೇಟ್ ಹಾಗೇ ಬಿದ್ದಿತು. ಗುಳ್ಳೆಗಳು ನಿಂತವು. ಏನೂ ಮೇಲೆ ಬರಲಿಲ್ಲ.

ಜನ ಚಪ್ಪಾಳೆ ಹೊಡೆದರು. ನಾನು ಹೆಂಗಸರ ಸಾಲಿನ ಕಡೆ ನೋಡಿದೆ. ಅತ್ತೆ ಎರಡೂ ಕೈ ಮುಗಿದು ನೀರನ್ನೇ ನೋಡುತ್ತಾ ಅಳುತ್ತಿದ್ದಳು. ಮುಖ ಮಾತ್ರ ನಗುತ್ತಿತ್ತು. ಇಷ್ಟು ವರ್ಷ ಓದಿದ್ದಕ್ಕೂ ಸಾರ್ಥಕವಾಯಿತು ಎಂದು ನನಗೆ ನಿಜವಾಗಿಯೂ ಅನ್ನಿಸಿತು. ಪಿಎಚ್‌ಡಿ ಯಾರಿಗೆ ಬೇಕು, ಅತ್ತೆಯ ಹೆದರಿಕೆ ಇಳಿಯಿತಲ್ಲ.

ಆಮೇಲೆ ಮೈಕಿನಲ್ಲಿ ನನ್ನನ್ನು ಕರೆದರು. "ಈ ನೆಲದ ಮಗಳು, ನೀರಿನ ವಿಜ್ಞಾನಿ" ಎಂದರು. ವೇದಿಕೆ ಹತ್ತಿದೆ. ಹಾರ ಹಾಕಿದರು, ಹಣ್ಣಿನ ಬುಟ್ಟಿ ಕೊಟ್ಟರು. ಸಹಾಯಕರು ಮುಗುಳ್ನಗುತ್ತಾ ಹಿಂದಿನಿಂದ ಬಂದು ಒಂದು ಸೀರೆಯನ್ನು ಪೂರ್ತಿ ಬಿಚ್ಚಿ, ಶಾಲು ಹೊದಿಸುವಂತೆ ನನ್ನ ಹೆಗಲ ಮೇಲೆ ಹೊದಿಸಿದರು. ಫೋಟೋದವರು ಮುಂದೆ ಬಂದರು. ನಾನು ಎದೆಯ ಮೇಲೆ ನೋಡಿಕೊಂಡೆ. ಕಡುನೀಲಿ. ಅಂಚಿನಲ್ಲಿ ಮೀನು.

"ಇದು... ಬಾಗಿನದಲ್ಲಿ..." ಎಂದು ತೊದಲಿದೆ.

ಸಹಾಯಕರು ಕಿವಿಯ ಹತ್ತಿರ ಬಗ್ಗಿದರು. "ಇಷ್ಟು ಚೆಂದದ ಸೀರೆ ನೀರಿಗೆ ಹಾಕಾಕೆ ಮನಸು ಬರ್ಲಿಲ್ಲ ಮೇಡಂ. ನಿಮ್ಮತ್ತೆ ನೇಯ್ದಿದ್ದು ನಿಮ್ಗೇ ಸೇರ್ಲಿ ಅಂತ ನಾನೇ ಎತ್ತಿಟ್ಟೆ. ಬಾಗಿನದಾಗೆ ಪಾಲಿಸ್ಟರ್ ಸೀರೆ ಇಟ್ಟೀನಿ. ಮುಳುಗ್ತಲ್ಲ?" ಅವರ ಮುಖದಲ್ಲಿ ಕಳ್ಳತನವೇ ಇರಲಿಲ್ಲ. ಒಳ್ಳೆಯ ಕೆಲಸ ಮಾಡಿದ ಮನುಷ್ಯನ ಹೊಳಪಿತ್ತು. ಕದ್ದಿದ್ದರೆ ಬೈಯಬಹುದಿತ್ತು. ಉಪಕಾರ ಮಾಡಿದವನನ್ನು ಏನು ಮಾಡುವುದು? ನನಗೆ ಅವರ ಹಣ್ಣಿನ ಬುಟ್ಟಿಯನ್ನು ಅವರ ತಲೆಗೇ ಕವುಚಬೇಕು ಅನ್ನಿಸಿತು.

ಅಷ್ಟರಲ್ಲಿ ಅತ್ತೆ ವೇದಿಕೆ ಹತ್ತಿಯಾಗಿತ್ತು. ಪೊಲೀಸಿನವನೊಬ್ಬ ಅಡ್ಡ ಬಂದವನು ಅವಳ ಮುಖ ನೋಡಿ ಪಕ್ಕಕ್ಕೆ ಸರಿದ.

"ತೆಗಿ," ಎಂದಳು. "ಮೊದ್ಲು ತೆಗಿ ಅದನ್ನ. ಮೈಮ್ಯಾಲಿಂದ ತೆಗಿ!" ನಾನು ಕೈ ಎತ್ತುವುದರೊಳಗೆ ತಾನೇ ಸೀರೆಯನ್ನು ಜಗ್ಗಿದಳು. ಹಾರ ಹರಿದು ಹೂವು ಚೆಲ್ಲಿತು. ಮೈಕು ಎಲ್ಲವನ್ನೂ ಊರಿಗೆ ಕೇಳಿಸುತ್ತಿತ್ತು.

"ಯಾರಮ್ಮಾ ನೀನು? ಏನ್ ಸಮಾಚಾರ?" ಎಂದು ಸಾಹೇಬರು ಎದ್ದರು.

"ನೀವು ಕೂತ್ಕಳಿ ಸಾಹೇಬ್ರೇ. ನಿಮ್ದು ಮುಳುಗೈತಲ್ಲ," ಎಂದಳು ಅತ್ತೆ. ಸಾಹೇಬರು ಕುಳಿತರು.

ಸಹಾಯಕರು ಅಡ್ಡ ಬಂದು, "ಅಮ್ಮಾ, ಸಾಂಕೇತಿಕವಾಗಿ ಹೋದಂಗೇ ಲೆಕ್ಕ," ಎಂದರು. ಅತ್ತೆ ಸೀರೆಯನ್ನು ಕಂಕುಳಲ್ಲಿ ಅವುಚಿಕೊಂಡು, ಇನ್ನೊಂದು ಕೈಯಲ್ಲಿ ನನ್ನ ಮುಂಗೈ ಹಿಡಿದು, ಏರಿ ಇಳಿದು ಮೆಟ್ಟಿಲ ಕಡೆ ನಡೆದಳು. ಬಾಗಿನ ಬಿಡಲು ಕಾದಿದ್ದ ಹೆಂಗಸರು ದಾರಿ ಬಿಟ್ಟರು.

ನೀರಿನ ಅಂಚಿನಲ್ಲಿ ಅವಳು ನಿಂತಳು. ನನ್ನನ್ನು ದಡದಲ್ಲೇ ಬಿಟ್ಟು ತಾನೊಬ್ಬಳೇ ಇಳಿಯಬೇಕೆಂದಿದ್ದಳು, ಅದು ಗೊತ್ತಾಗುತ್ತಿತ್ತು. ಆದರೆ ಕೈ ಬಿಡಲು ಆಗಲಿಲ್ಲ. ಕೊನೆಗೆ ಇಬ್ಬರೂ ಇಳಿದೆವು. ನೀರು ಮೊಣಕಾಲಿಗೆ ಬಂದಿತು. ನೀರಿನ ಬಗ್ಗೆ ಇಷ್ಟೆಲ್ಲಾ ಬರೆದ ನಾನು ಚಿಕ್ಕಂದಿನಿಂದ ಒಂದು ಸಲವೂ ಕೆರೆಗೆ ಇಳಿದಿರಲಿಲ್ಲ. ಅತ್ತೆ ಸೀರೆಯನ್ನು ಬಿಡಿಸಿ ನೀರಿನ ಮೇಲೆ ಹಾಸಿದಳು. ಅದರೊಳಗೆ ಗಾಳಿ ತುಂಬಿಕೊಂಡು ಉಬ್ಬಿ ನಿಂತಿತು. ಪಡುವಣ ಗಾಳಿ ಬೀಸುತ್ತಿತ್ತು. ಸೀರೆ ನಿಧಾನಕ್ಕೆ ತಿರುಗಿ, ಬಂದು ನನ್ನ ಮೊಣಕಾಲಿಗೆ ಸುತ್ತಿಕೊಂಡಿತು.

ಅತ್ತೆ ಅದನ್ನು ಬಿಡಿಸಿ ದೂರ ತಳ್ಳಿದಳು. ಮತ್ತೆ ಬಂದಿತು. ನನ್ನ ಕಾಲಿಗೇ ಬಂದಿತು, ಅವಳ ಕಾಲಿಗಲ್ಲ. ಅವಳ ಮುಖ ಬೂದಿಯಾಯಿತು.

ನನಗೆ ಕಾರಣ ಗೊತ್ತಿತ್ತು. ಗಾಳಿಯ ದಿಕ್ಕು, ನಾನು ನಿಂತ ಜಾಗ, ಅಷ್ಟೇ. "ಅತ್ತೆ, ಸುರುಳಿ ಸುತ್ತಿ ಒಂದು ಕಲ್ಲು ಕಟ್ಟಿ ಎಸೆದ್ರೆ ಮುಳುಗ್ತೈತೆ," ಎಂದೆ.

"ಕಲ್ಲು ಕಟ್ಟಿ ಯಾರಿಗಾದ್ರೂ ಸೀರೆ ಉಡಿಸ್ತಾರೇನೇ?" ಎಂದಳು.

ಮೂರನೆಯ ಸಲ ಅವಳು ತಳ್ಳಲಿಲ್ಲ. ಸೀರೆಯನ್ನು ನನ್ನ ಕಾಲಿನಿಂದ ಬಿಡಿಸಿ, ಎರಡೂ ಕೈಯಲ್ಲಿ ಹಿಡಿದುಕೊಂಡು, ಸೊಂಟದವರೆಗೆ ಹೋಗಿ ನಿಂತಳು. ಈಜು ಬಾರದ ಹೆಂಗಸು. ಎದುರಿಗೆ ಕುಳಿತ ಹೆಂಗಸಿನ ಜೊತೆ ಜಗಳಕ್ಕೆ ನಿಂತವಳ ಹಾಗೆ ಅತ್ತೆ ನೀರಿನ ಜೊತೆ ಮಾತಾಡಿದಳು.

"ನೋಡು ಗಂಗವ್ವಾ. ನಾನು ಮಾತು ಕೊಟ್ಟಿದ್ದೆ, ನೇಯ್ದೆ, ತಂದೆ, ನಿನ್ನ ಮಡ್ಲಿಗೆ ಹಾಕ್ದೆ. ಉಡೋದು ಬಿಡೋದು ನಿನ್ನಿಷ್ಟ. ಇಷ್ಟ್ ವರ್ಷ ನಿಂಗೆ ಹೆದ್ರಿ ಹೆದ್ರಿ ಸತ್ತೆ. ಇನ್ನ ಹೆದ್ರಾಕಿಲ್ಲ. ಸೀರೆ ಬ್ಯಾಡಾದ್ರೆ ಬ್ಯಾಡ ಅನ್ನು. ಹುಡುಗೀನ ಮಾತ್ರ ಕೇಳ್ಬ್ಯಾಡ. ಕೇಳಿದ್ರೂ ನಾನು ಕೊಡಾಕಿಲ್ಲ."

ಸೀರೆಯನ್ನು ಕೈಬಿಟ್ಟಳು. ತಿರುಗಿ ನನ್ನ ಹತ್ತಿರ ಬಂದು ಮುಂಗೈ ಹಿಡಿದಳು. ದೇವರಿಗೆ ಬಿಟ್ಟದ್ದನ್ನು ತಿರುಗಿ ನೋಡಬಾರದು ಎನ್ನುತ್ತಾರೆ. ನನ್ನ ಕತ್ತು ತಾನಾಗಿಯೇ ಹಿಂದಕ್ಕೆ ಹೊರಳುತ್ತಿತ್ತು. ಬಿದ್ದ ಮೇಲೆ ಏನಾಯಿತು ಎಂದು ನೋಡುವುದೇ ನನ್ನ ಕಸುಬು. ಅತ್ತೆ ಒದ್ದೆ ಅಂಗೈಯಲ್ಲಿ ನನ್ನ ಕೆನ್ನೆ ಹಿಡಿದು ಮುಖವನ್ನು ದಡದ ಕಡೆ ತಿರುಗಿಸಿದಳು.

"ಏನಾದ್ರೂ ಆಗ್ಲಿ, ನೋಡ್ಬ್ಯಾಡ. ನಡಿ ಮನೀಗೆ."

ನಾನು ನೋಡಲಿಲ್ಲ. ಆ ಸೀರೆ ಮುಳುಗಿತೋ, ದಡಕ್ಕೆ ಬಂದಿತೋ ಇವತ್ತಿಗೂ ನನಗೆ ಗೊತ್ತಿಲ್ಲ. ಯಾರನ್ನೂ ಕೇಳಿಲ್ಲ. ಆವತ್ತಿನಿಂದ ಅತ್ತೆ ನನ್ನ ದಾರಿಯಲ್ಲಿ ಹಳ್ಳ ಬರುತ್ತದೆಯೇ ಎಂದು ಕೇಳುವುದನ್ನು ಬಿಟ್ಟಿದ್ದಾಳೆ.